ಒಂಬತ್ತನೇ ಕೊಠಡಿಗೆ ಬರೆದ ಚೀಟಿ

ಜೂನ್ ತಿಂಗಳು ಬಂತೆಂದರೆ ನಮ್ಮ ಆಸ್ಪತ್ರೆಯಲ್ಲಿ ರೋಗಿಗಳಿಗಿಂತ ರೋಗಿಗಳನ್ನು ಎಣಿಸುವವರೇ ಜಾಸ್ತಿ. ಪಿಯುಸಿ ಮುಗಿಸಿದ ಮಕ್ಕಳನ್ನು ಕಟ್ಟಿಕೊಂಡು ಅಪ್ಪ ಅಮ್ಮಂದಿರು ಬಂದು ವರಾಂಡದಲ್ಲಿ ನಿಲ್ಲುತ್ತಾರೆ. ಇತಿಹಾಸದ ಕೊಠಡಿಯ ಮುಂದೆ ಎಷ್ಟು ಜನ, ರಸಾಯನಶಾಸ್ತ್ರದ ಮುಂದೆ ಎಷ್ಟು ಜನ ಎಂದು ಬೆರಳು ಮಡಿಸಿ ಎಣಿಸುತ್ತಾರೆ. ಎಲ್ಲಿ ಸಾಲು ಉದ್ದವೋ ಆ ವಿಷಯದಲ್ಲಿ ಡಿಗ್ರಿ ಮಾಡಿಸಿದರೆ ಆಮೇಲೆ ಮೆಡಿಕಲ್ ಕಾಲೇಜಿನಲ್ಲಿ ಸೀಟು ಸಿಕ್ಕೀತು, ಡಾಕ್ಟರಾದ ಮೇಲೆ ಕೈತುಂಬ ರೋಗಿಗಳು ಬಂದಾರು ಎಂಬ ಆಸೆ. ಎಣಿಸಿ ಸಾಕಾದವರು ಕೊನೆಗೆ ನನ್ನ ಕೌಂಟರಿಗೆ ಬಂದು, ಮೇಡಂ, ನೀವು ದಿನಾ ನೋಡುವವರು, ಯಾವುದಕ್ಕೆ ಸೇರಿಸಿದರೆ ಒಳ್ಳೆಯದು ಎಂದು ಕೇಳುತ್ತಾರೆ. ಮಗುವಿಗೆ ಯಾವುದು ಇಷ್ಟವೋ ಅದಕ್ಕೆ ಸೇರಿಸಿ ಎನ್ನುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಇವಳಿಗೇನು ಗೊತ್ತು ಎಂದುಕೊಂಡು ಬಾಗಿಲು ಕಾಯುವ ಸಿದ್ದೇಗೌಡನನ್ನು ಕೇಳಲು ಹೋಗುತ್ತಾರೆ. ಅವನು ಒಂದು ಕ್ಷಣವೂ ಯೋಚಿಸದೆ ಸಸ್ಯಶಾಸ್ತ್ರ ಎನ್ನುತ್ತಾನೆ. ಅವನ ಮಾತನ್ನು ನಂಬುತ್ತಾರೆ.

ನಾನು ಚೀಟಿ ಬರೆಯುವವಳು. ಮೂವತ್ತೆಂಟು ವರ್ಷದಿಂದ ಇದೇ ಕಿಟಕಿ, ಇದೇ ಕುರ್ಚಿ. ಕುರ್ಚಿಯ ಬೆತ್ತವನ್ನು ಮಾತ್ರ ಮೂರು ಸಲ ಹೆಣೆಸಿದ್ದೇವೆ. ನೆಗಡಿ, ಕಾಲುಳುಕು, ಹಲ್ಲುನೋವು ಇಂಥವಕ್ಕೆ ನಮ್ಮೂರಿನಲ್ಲಿ ಯಾರ ಮಾತೂ ಬದಲಾಗುವುದಿಲ್ಲ. ಕಾಯಿಲೆ ನಿಜವಾಗಿ ಹಿಡಿದರೆ ಎರಡನೆಯ ದಿನದಿಂದ ಮನುಷ್ಯನ ಮಾತು ಯಾವುದಾದರೊಂದು ಶಾಸ್ತ್ರದ ಕಡೆ ಹೊರಳುತ್ತದೆ. ಎಲ್ಲಿ ನೋವು ಎಂದು ಕೇಳಿದರೆ ಹೊಟ್ಟೆ ಎನ್ನುವುದಿಲ್ಲ, ಬೆನ್ನು ಎನ್ನುವುದಿಲ್ಲ. ಮದುವೆ ಮನೆಗಳಲ್ಲಿ ಅಡುಗೆ ಮಾಡುವ ಭಟ್ಟರೊಬ್ಬರಿಗೆ ಕಾಮಾಲೆಯಾದಾಗ ಅವರು ನನ್ನ ಕಿಟಕಿಯ ಸರಳು ಹಿಡಿದುಕೊಂಡು, ಉತ್ತರದ ಗಡಿಯಲ್ಲಿ ಹದಿನೆಂಟು ವರ್ಷ ಗಲಾಟೆ ಇರಲಿಲ್ಲ, ಈಗ ಸಾಮಂತರು ಕಪ್ಪ ಕಳಿಸುವುದು ನಿಲ್ಲಿಸಿದ್ದಾರೆ ಎಂದರು. ಇತಿಹಾಸ, ಕೊಠಡಿ ಎರಡು ಎಂದು ಬರೆದೆ. ಅಲ್ಲಿನ ಡಾಕ್ಟರು ಇತಿಹಾಸದಲ್ಲಿ ಬಿ.ಎ. ಮಾಡಿ ಆಮೇಲೆ ಮೆಡಿಕಲ್ ಓದಿದವರು. ಗಡಿ ಎಂದ ಕೂಡಲೇ ಬಲಪಕ್ಕೆಯ ಕೆಳಗೆ ಕೈಯಿಟ್ಟರಂತೆ. ಅದೇ ಕಾಮಾಲೆ ಪಕ್ಕದ ಬೀದಿಯ ಟೈಲರಿಗೆ ರಸಾಯನಶಾಸ್ತ್ರದಲ್ಲಿ ಬಂತು. ಇಂಥ ಕಾಯಿಲೆಗೆ ಇಂಥ ವಿಷಯ ಎಂಬ ಕಟ್ಟಿಲ್ಲ. ಅಕ್ಷರ ಬಾರದವರೂ ಕಾಯಿಲೆಯಲ್ಲಿ ಶುದ್ಧವಾಗಿ ಮಾತಾಡುತ್ತಾರೆ, ವಾಸಿಯಾದ ಮೇಲೆ ಒಂದು ಪದವೂ ನೆನಪಿರುವುದಿಲ್ಲ. ಒಬ್ಬಾಕೆ ಗಂಡ ಗುಣವಾಗಿ ಮನೆಗೆ ಬಂದ ಮೇಲೆ ನನ್ನ ಹತ್ತಿರ ಬಂದು, ತರ್ಕಶಾಸ್ತ್ರ ಮಾತಾಡುವಾಗ ನಮ್ಮವರು ಎಷ್ಟು ಚೆನ್ನಾಗಿದ್ದರು ಗೊತ್ತಾ ಎಂದು ಕಣ್ಣೊರೆಸಿಕೊಂಡಳು.

ಆದ್ದರಿಂದ ನಮ್ಮ ಮೆಡಿಕಲ್ ಕಾಲೇಜು ಪಿಯುಸಿ ಮುಗಿಸಿದವರನ್ನು ನೇರವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮೊದಲು ಯಾವುದಾದರೂ ಒಂದು ವಿಷಯದಲ್ಲಿ ಮೂರು ವರ್ಷದ ಡಿಗ್ರಿ, ಅದೂ ಫಸ್ಟ್ ಕ್ಲಾಸಿನಲ್ಲಿ. ಆಮೇಲೆ ಮೆಡಿಕಲ್. ಡಿಗ್ರಿಯಲ್ಲಿ ಏನು ಓದಿದ್ದರೋ ಆ ವಿಷಯದಲ್ಲಿ ಕಾಯಿಲೆ ಬಂದವರನ್ನು ಜೀವನಪೂರ್ತಿ ನೋಡಬೇಕು. ಸೀಟುಗಳೂ ವಿಷಯದ ಪ್ರಕಾರವೇ ಹಂಚಿಕೆ. ಮೂರು ವರ್ಷ ತಪ್ಪು ಬಾಗಿಲಲ್ಲಿ ನಿಂತರೆ ಮತ್ತೆ ಇನ್ನೊಂದು ಬಾಗಿಲಿಗೆ ಹೋಗುವ ಹಾಗಿಲ್ಲ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಯಾವ ಶಾಸ್ತ್ರವೂ ನನಗೆ ಬರುವುದಿಲ್ಲ, ಆದರೆ ಯಾವುದು ಯಾವುದೆಂದು ಕಿವಿಗೆ ಗೊತ್ತಾಗುತ್ತದೆ. ಸಂಗೀತ ಕಲಿಯದವರೂ ರಾಗ ಗುರುತು ಹಿಡಿಯುವುದಿಲ್ಲವೇ, ಹಾಗೆ.

ವಾರಿಜ ನನ್ನ ತಂಗಿಯ ಮಗಳು. ತಂಗಿ ನಳಿನಿ ನನಗಿಂತ ಆರು ವರ್ಷ ಚಿಕ್ಕವಳು. ಅವಳ ಗಂಡ ಇನ್ನೊಂದು ಊರಿನಲ್ಲಿ ಇನ್ನೊಂದು ಸಂಸಾರ ಹೂಡಿಕೊಂಡ. ಅವಳು ಮೂರು ವರ್ಷದ ಮಗುವನ್ನು ಎತ್ತಿಕೊಂಡು, ಒಂದು ಟ್ರಂಕು ಹಿಡಿದುಕೊಂಡು ನನ್ನ ಮನೆಗೆ ಬಂದಳು. ನಾನು ಮದುವೆಯಾಗಿರಲಿಲ್ಲ, ಮನೆಯಲ್ಲಿ ಜಾಗವಿತ್ತು. ಮಗುವಿಗೆ ಏಳು ತುಂಬಿದ ವರ್ಷ ನಳಿನಿ ತೀರಿಕೊಂಡಳು. ಗಣಿತದಲ್ಲಿ ತೀರಿಕೊಂಡಳು ಎಂದು ಊರಿಗೆಲ್ಲ ಗೊತ್ತು. ಒಂಬತ್ತನೇ ಕೊಠಡಿಯ ಡಾಕ್ಟರ್ ವೆಂಕಟಾಚಲ ಅವಳ ಕಾಯಿಲೆಯನ್ನು ಬಿಡಿಸಲಾರದೆ ಹೋದರು, ಅವರಿಗೆ ಲೆಕ್ಕ ಬರುವುದಿಲ್ಲ ಎಂದು ಜನ ಆಡಿಕೊಂಡರು. ಅವರ ಕೊಠಡಿಗೆ ಮೊದಲೇ ರೋಗಿಗಳು ಕಡಿಮೆ, ಅಲ್ಲಿಂದಾಚೆಗೆ ವಾರಕ್ಕೆ ಒಬ್ಬರು ಬಂದರೆ ಹೆಚ್ಚು. ಅವರು ರಸ್ತೆಯಲ್ಲಿ ಎದುರಾದರೆ ವಾರಿಜ ಆ ಕಡೆಯ ಫುಟ್‌ಪಾತಿಗೆ ದಾಟುತ್ತಿದ್ದಳು. ನಾನು ಬೇಡ ಎನ್ನಲಿಲ್ಲ.

ಅಮ್ಮನ ಲೆಕ್ಕವನ್ನು ನಾನು ಬಿಡಿಸುತ್ತೇನೆ ಎಂದು ಅವಳು ಎರಡನೇ ಕ್ಲಾಸಿನಲ್ಲಿ ಹೇಳಿದಳು. ಮಕ್ಕಳು ಏನೇನೋ ಹೇಳುತ್ತವೆ, ಮರೆಯುತ್ತವೆ. ಇವಳು ಮರೆಯಲಿಲ್ಲ. ಗಣಿತ ಡಿಗ್ರಿ, ಆಮೇಲೆ ಮೆಡಿಕಲ್, ಆಮೇಲೆ ಒಂಬತ್ತನೇ ಕೊಠಡಿ. ಹನ್ನೊಂದು ವರ್ಷ ಅದೇ ಜಪ. ಆದರೆ ಗಣಿತಕ್ಕೂ ಅವಳಿಗೂ ಆಗಿಬರುತ್ತಿರಲಿಲ್ಲ. ಬೆಳಿಗ್ಗೆ ಒಂದು ಟ್ಯೂಷನ್, ಸಂಜೆ ಒಂದು ಟ್ಯೂಷನ್, ಪರೀಕ್ಷೆಯಲ್ಲಿ ನಲವತ್ತೊಂದು. ಮರುವರ್ಷ ಮೂವತ್ತೆಂಟು. ಉತ್ತರಪತ್ರಿಕೆ ತಂದು ದೇವರ ಮುಂದೆ ಇಟ್ಟು, ಮುಖ ತೊಳೆದುಕೊಂಡು ಬಂದು ಮತ್ತೆ ಅದೇ ಲೆಕ್ಕಕ್ಕೆ ಕೂರುತ್ತಿದ್ದಳು. ಜೀವಶಾಸ್ತ್ರದಲ್ಲಿ ಮಾತ್ರ ಪುಸ್ತಕ ಬಿಚ್ಚದೆ ತೊಂಬತ್ತು ದಾಟುತ್ತಿತ್ತು. ಅದನ್ನು ಅವಳು ಗಮನಿಸುತ್ತಲೂ ಇರಲಿಲ್ಲ. ಟ್ಯೂಷನ್ ಮೇಷ್ಟ್ರು ಒಮ್ಮೆ ನನ್ನನ್ನು ಕರೆದು, ಈ ಮಗುವನ್ನು ಬಿಟ್ಟುಬಿಡಿ ಅಮ್ಮ, ನೋಡೋಕಾಗಲ್ಲ ಎಂದರು. ಅವರ ಕಣ್ಣಲ್ಲಿ ನೀರಿತ್ತು. ನಾನು ಹೂಂ ಎಂದು ಬಂದೆ.

ಪಿಯುಸಿ ಮುಗಿದ ಮೇಲೆ ಡಿಗ್ರಿ ಕಾಲೇಜಿನ ಪ್ರಿನ್ಸಿಪಾಲರು ಅವಳ ಅಂಕಪಟ್ಟಿ ನೋಡಿ ನನಗೆ ನೇರವಾಗಿಯೇ ಹೇಳಿದರು. ಗಣಿತಕ್ಕೆ ಸೇರುವವರಿಲ್ಲ, ಸೀಟು ಬೇಕಾದರೆ ಈಗಲೇ ಕೊಡುತ್ತೇನೆ. ಆದರೆ ನಮ್ಮಲ್ಲಿ ಗಣಿತದಲ್ಲಿ ಅರ್ಧ ಜನ ಪಾಸೇ ಆಗುವುದಿಲ್ಲ, ಈ ಹುಡುಗಿಗೆ ಫಸ್ಟ್ ಕ್ಲಾಸ್ ಕನಸಿನ ಮಾತು. ಫಸ್ಟ್ ಕ್ಲಾಸ್ ಇಲ್ಲದಿದ್ದರೆ ಮೆಡಿಕಲ್ ಬಾಗಿಲು ಮುಚ್ಚಿತು. ಪ್ರಾಣಿಶಾಸ್ತ್ರಕ್ಕೆ ಹಾಕಿಸಿ, ಕಣ್ಣುಮುಚ್ಚಿಕೊಂಡು ಡಾಕ್ಟರಾಗುತ್ತಾಳೆ. ನಾನು ಇದನ್ನು ಮನೆಗೆ ಬಂದು ವಾರಿಜಳಿಗೆ ಒಪ್ಪಿಸಿದೆ. ಅವಳು ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, "ಅಮ್ಮ ಪ್ರಾಣಿಶಾಸ್ತ್ರದಲ್ಲಿ ಹೋಗಲಿಲ್ವಲ್ಲ ದೊಡ್ಡಮ್ಮ" ಎಂದಳು.

ಇಲ್ಲಿ ನಾನೊಂದು ಮಾತು ಹೇಳಬೇಕು. ನಿಮಗೆ ನನ್ನ ಮೇಲೆ ಅಸಹ್ಯ ಬಂದರೆ ಬರಲಿ.

ನಳಿನಿಯನ್ನು ಪಕ್ಕದ ಮನೆಯಾಕೆ ಆಸ್ಪತ್ರೆಗೆ ಕರೆತಂದದ್ದು ಒಂದು ಸೋಮವಾರ. ನಾನು ಕೆಲಸಕ್ಕೆ ಬಂದ ಮೇಲೆ ಮನೆಯಲ್ಲಿ ಅವಳ ಮಾತು ಹೊರಳಿತ್ತು. ಬೆವತುಹೋಗಿದ್ದಳು, ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ನನ್ನ ಕಿಟಕಿಯ ಮುಂದೆ ನಿಂತು ಅವಳು ಹೇಳಿದ್ದು ನಾಲ್ಕೇ ಮಾತು. ಆ ಮಾತು ಯಾವ ವಿಷಯದ್ದು ಎಂದು ಮೊದಲನೆಯ ವಾಕ್ಯಕ್ಕೇ ನನಗೆ ಗೊತ್ತಾಯಿತು. ಪ್ರಾಣಿಶಾಸ್ತ್ರ. ಅದರಲ್ಲಿ ಅನುಮಾನಕ್ಕೆ ಜಾಗವೇ ಇರಲಿಲ್ಲ. ಆದರೆ ಪ್ರಾಣಿಶಾಸ್ತ್ರದ ನಾಲ್ಕನೇ ಕೊಠಡಿಯ ಮುಂದೆ ಅವತ್ತು ನಲವತ್ತು ಜನ. ಇದ್ದ ಇಬ್ಬರು ಡಾಕ್ಟರಲ್ಲಿ ಒಬ್ಬರು ರಜೆ. ಸಾಲು ಮೆಟ್ಟಿಲಿಳಿದು ಬಾದಾಮಿ ಮರದ ಬುಡದ ತನಕ ಹೋಗಿತ್ತು. ಸಾಲಿನಲ್ಲಿದ್ದವರು ನನ್ನನ್ನೇ ನೋಡುತ್ತಿದ್ದರು. ನನ್ನ ತಂಗಿ ಎಂದು ಎಲ್ಲರಿಗೂ ಗೊತ್ತು, ಮುಂದೆ ಬಿಟ್ಟರೆ ಜಗಳಕ್ಕೆ ಬರುತ್ತಾರೆ. ಒಂಬತ್ತನೇ ಕೊಠಡಿಯಲ್ಲಿ ಡಾಕ್ಟರ್ ವೆಂಕಟಾಚಲ ಪೇಪರ್ ಓದುತ್ತ ಕೂತಿದ್ದರು. ಬಾಗಿಲು ತೆರೆದಿತ್ತು, ಫ್ಯಾನ್ ತಿರುಗುತ್ತಿತ್ತು. ಅವಳ ಮಾತಿನಲ್ಲಿ ಅಂಕಿಗಳೂ ಇದ್ದವು. ಅಂಕಿ ಇದ್ದ ಮೇಲೆ ಗಣಿತ ಅಂದರೂ ನಡೆಯುತ್ತದೆ, ಅವರೂ ಡಾಕ್ಟರೇ ತಾನೇ, ನೋವಿಗೆ ಏನಾದರೂ ಕೊಡುತ್ತಾರೆ, ಬೇಗ ಮನೆಗೆ ಹೋಗಿ ಮಲಗಲಿ ಎಂದುಕೊಂಡೆ. ಗಣಿತ, ಕೊಠಡಿ ಒಂಬತ್ತು ಎಂದು ಬರೆದು ಕೊಟ್ಟೆ. ನನ್ನ ತಂಗಿಗೆ ನಾನು ಉಪಕಾರ ಮಾಡಿದೆ. ಹತ್ತು ನಿಮಿಷದಲ್ಲಿ ಪುಡಿಯ ಪೊಟ್ಟಣ ಹಿಡಿದುಕೊಂಡು ಹೊರಗೆ ಬಂದಳು. ಇಷ್ಟು ಬೇಗ ಆಯಿತಲ್ಲ ಎಂದು ನನಗೆ ಸಮಾಧಾನವೇ ಆಯಿತು.

ಬುಧವಾರ ಮಧ್ಯಾಹ್ನ ಹುರುಳಿಕಾಯಿ ಸೋಸುತ್ತ ಕೂತವಳು ಹಾಗೇ ಗೋಡೆಗೆ ಒರಗಿದಳು. ಆಮೇಲೆ ಆಸ್ಪತ್ರೆಯಲ್ಲಿ ವಿಚಾರಣೆ ನಡೆಯಿತು. ಡಾಕ್ಟರನ್ನು ಕೇಳಿದರು, ಔಷಧಿ ಕೊಟ್ಟ ಕಾಂಪೌಂಡರನ್ನು ಕೇಳಿದರು. ಚೀಟಿ ಫೈಲಿನಲ್ಲಿತ್ತು, ನನ್ನ ದುಂಡು ಅಕ್ಷರ. ಚೀಟಿ ಬರೆದವಳನ್ನು ಯಾರೂ ಕೇಳಲಿಲ್ಲ. ತಂಗಿ ಸತ್ತವಳು ಎಂದು ಎಲ್ಲರೂ ನನಗೆ ಸಮಾಧಾನ ಹೇಳಿದರು. ಹೇಳಿಸಿಕೊಂಡೆ.

ನಾಳೆ ಹೇಳಿದರಾಯಿತು ಎಂದುಕೊಂಡು ಹನ್ನೊಂದು ವರ್ಷ ಕಳೆದೆ. ಮಗು ಚಿಕ್ಕದು, ಈಗ ಬೇಡ. ಪರೀಕ್ಷೆ ಇದೆ, ಈಗ ಬೇಡ. ಜ್ವರದಿಂದ ಎದ್ದಿದೆ, ಈಗ ಬೇಡ. ಸುಳ್ಳು ಯಾಕೆ ಹೇಳಲಿ, ಅವಳು ನನ್ನನ್ನು ಬಿಟ್ಟು ಹೋಗುತ್ತಾಳೆ ಎಂಬ ಹೆದರಿಕೆ ಒಂದೇ ಕಾರಣ. ಸಂಜೆ ನಾನು ಮನೆಗೆ ಹೋಗುವಷ್ಟರಲ್ಲಿ ಅವಳು ಕಾಫಿಗೆ ನೀರಿಟ್ಟಿರುತ್ತಿದ್ದಳು. ಅಂದು ಬಂದ ರೋಗಿಗಳ ಮಾತನ್ನು ನಾನು ಹೇಳಬೇಕು, ಯಾವ ವಿಷಯ ಎಂದು ಅವಳು ಹೇಳಬೇಕು. ಅದೇ ನಮ್ಮಿಬ್ಬರ ಆಟ. ಹತ್ತಕ್ಕೆ ಎಂಟು ಸರಿ ಹೇಳುತ್ತಿದ್ದಳು. ಅವಳಿಲ್ಲದ ಆ ಮನೆಯನ್ನು ನಾನು ಯೋಚಿಸಿಯೇ ಇರಲಿಲ್ಲ. ಪ್ರಿನ್ಸಿಪಾಲರ ಮಾತು ಕೇಳಿದ ಮೇಲೂ, ಗಣಿತಕ್ಕೇ ಸೇರಲಿ, ಫೇಲಾದರೆ ಮನೆಯಲ್ಲೇ ಇರುತ್ತಾಳೆ ಎಂದು ನನ್ನ ಮನಸ್ಸಿನ ಒಂದು ಮೂಲೆ ಹೇಳಿತು. ಆ ಮೂಲೆಯ ಮಾತು ನನಗೆ ಕೇಳಿಸಿತು ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಅರ್ಜಿಗೆ ಕೊನೆಯ ದಿನ ಶನಿವಾರ, ಸಂಜೆ ಐದರ ತನಕ. ಮೂರು ಗಂಟೆಗೆ ವಾರಿಜ ಅರ್ಜಿ ಹಿಡಿದುಕೊಂಡು ಆಸ್ಪತ್ರೆಗೇ ಬಂದಳು. ಪೋಷಕರ ಸಹಿ ಬೇಕಿತ್ತು. ನನ್ನ ಕಿಟಕಿಯ ಮುಂದೆ ಹನ್ನೆರಡು ಜನ ಇದ್ದರು. ಅವಳು ಒಳಬಾಗಿಲಿಂದ ಬಂದು ಅರ್ಜಿಯನ್ನು ರಿಜಿಸ್ಟರಿನ ಮೇಲೆ ಇಟ್ಟು, ಬೇಗ ಹಾಕು ದೊಡ್ಡಮ್ಮ, ಅಲ್ಲಿ ರಷ್ ಇದೆ ಎಂದಳು. ನಾನು ಪೆನ್ನು ತೆಗೆದುಕೊಂಡೆ. ಆಯ್ದುಕೊಂಡ ವಿಷಯ: ಗಣಿತ. ಆಯ್ದುಕೊಂಡ ಕಾರಣ: ನನ್ನ ತಾಯಿಯ ಕಾಯಿಲೆಯ ವಿಷಯ. ಅದರ ಕೆಳಗೆ ಅಚ್ಚಿನಲ್ಲಿ, ಮೇಲಿನ ಕಾರಣ ಸತ್ಯವೆಂದು ನನಗೆ ತಿಳಿದಿದೆ, ಪೋಷಕರ ಸಹಿ. ಪ್ರತಿವರ್ಷ ಎಷ್ಟು ಜನ ಅದನ್ನು ಓದದೆ ಸಹಿ ಹಾಕುತ್ತಾರೋ. ನನಗೆ ಓದುವ ಚಾಳಿ. ಈ ಊರಿನಲ್ಲಿ ನಾನು ಬರೆದ ಒಂದು ಸುಳ್ಳು ಚೀಟಿ ಆಗಲೇ ಇತ್ತು. ಎರಡನೆಯದಕ್ಕೆ ಕೈ ಏಳಲಿಲ್ಲ.

ನಾನು ಎದ್ದು ಕಿಟಕಿಯ ಬಾಗಿಲು ಮುಚ್ಚಿದೆ. ಇಷ್ಟು ವರ್ಷದಲ್ಲಿ ಹೊತ್ತಿಗೆ ಮುಂಚೆ ಅದನ್ನು ಮುಚ್ಚಿದ್ದು ಅದೇ ಮೊದಲು. ಹೊರಗಿದ್ದವರು ಬಡಿಯತೊಡಗಿದರು. ಒಬ್ಬರು ಲವಣಗಳು ತಳ ಹಿಡಿಯುತ್ತಿವೆ ಎನ್ನುತ್ತಿದ್ದರು, ಒಬ್ಬರು ಮೂರನೆಯ ಒಪ್ಪಂದ ಮುರಿದುಬಿತ್ತು ಎನ್ನುತ್ತಿದ್ದರು. ನಾನು ವಾರಿಜಳನ್ನು ಕುರ್ಚಿಯಲ್ಲಿ ಕೂರಿಸಿ, ಸೋಮವಾರದಿಂದ ಬುಧವಾರದ ತನಕ ಎಲ್ಲ ಹೇಳಿದೆ. ಸಾಲು ಉದ್ದವಿತ್ತು ಎಂದೆ. ಬಾದಾಮಿ ಮರದ ಬುಡದ ತನಕ ಎಂದು ಎರಡು ಸಲ ಹೇಳಿದೆ, ಅದರಿಂದ ಏನೋ ಆಗುತ್ತದೆ ಎನ್ನುವ ಹಾಗೆ.

ಕೊನೆಗೆ, "ಅಮ್ಮ ಏನಂದಳು? ಪೂರ್ತಿ ಹೇಳು" ಎಂದಳು.

ಪೂರ್ತಿ ಹೇಳಿದೆ. ಒಂದಕ್ಷರವೂ ಮರೆತಿರಲಿಲ್ಲ. ಹೊರಟಾಗ ಮುನ್ನೂರು ಹಕ್ಕಿ ಇದ್ದವು. ಕೆರೆಗೆ ಬಂದು ಇಳಿದದ್ದು ಇನ್ನೂರ ಹನ್ನೆರಡು. ಎಲ್ಲಕ್ಕಿಂತ ಮುಂದೆ ಹಾರುವುದು ದಣಿದಿದೆ. ಹಿಂದಿನದು ಮುಂದೆ ಬಂದು ಅದರ ಜಾಗ ತೆಗೆದುಕೊಳ್ಳಬೇಕು, ಯಾವುದೂ ಬರುತ್ತಿಲ್ಲ.

ವಾರಿಜ ನನ್ನ ಕಡೆ ತಿರುಗಿದಳು. "ಮುಂದೆ ಹಾರೋದು ಅಂದ್ರೆ ಹೃದಯ. ಪಿಯುಸಿ ಓದಿದೋರಿಗೂ ಗೊತ್ತಾಗುತ್ತೆ ದೊಡ್ಡಮ್ಮ."

"ಹೃದಯ ಅಂತ ಗೊತ್ತಿರಲಿಲ್ಲ ಕಣೆ. ನಾಲ್ಕನೇ ಕೊಠಡಿ ಅಂತ ಗೊತ್ತಿತ್ತು."

ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಗೋಡೆಯ ಗಡಿಯಾರ ನೋಡಿ ಎದ್ದಳು. ಇದನ್ನು ಅವರಿಗೆ ಹೇಳಿದ್ದೀಯಾ ಎಂದು ಕೇಳಿದಳು. ಯಾರಿಗೆ ಎಂದು ಕೇಳುವ ಅಗತ್ಯ ಇರಲಿಲ್ಲ. ಇಲ್ಲ ಎಂದೆ. ಅರ್ಜಿ ತೆಗೆದುಕೊಂಡು ವರಾಂಡದಲ್ಲಿ ಮುಂದೆ ಮುಂದೆ ನಡೆದಳು, ನಾನು ಹಿಂದೆ ಹೋದೆ. ಒಂಬತ್ತನೇ ಕೊಠಡಿಗೆ ನಾನು ಹನ್ನೊಂದು ವರ್ಷದಿಂದ ಕಾಲಿಟ್ಟಿರಲಿಲ್ಲ.

ಡಾಕ್ಟರ್ ವೆಂಕಟಾಚಲ ಪದಬಂಧ ತುಂಬುತ್ತಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿ ಎದ್ದು ನಿಂತರು, ಯಾರಾದರೂ ಒಳಗೆ ಬಂದದ್ದೇ ಅವರಿಗೆ ದೊಡ್ಡದಾಗಿತ್ತು. ಹೇಳು ಎಂದಳು ವಾರಿಜ. ಹೇಳಿದೆ. ಎರಡನೆಯ ಸಲಕ್ಕೆ ಮಾತು ಬೇಗ ಮುಗಿಯಿತು. ನನ್ನ ಪಾಲಿನ ಬೈಗುಳವನ್ನು ಹನ್ನೊಂದು ವರ್ಷ ಹೊತ್ತ ಮನುಷ್ಯ ಅವರು. ಕೈ ಮುಗಿಯಬೇಕು ಅನ್ನಿಸಿತು, ಮುಗಿದೆ. ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸಿದರು.

ಅವರು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ. ಮುನ್ನೂರರಲ್ಲಿ ಇನ್ನೂರ ಹನ್ನೆರಡು ಕಳೆದರೆ ಎಂಬತ್ತೆಂಟು, ಅವರ ಪುಸ್ತಕದ ಪ್ರಕಾರ ಎಂಬತ್ತೆಂಟು ಉಳಿದರೆ ಹೊಟ್ಟೆಯ ಹುಳಿ, ಅದಕ್ಕೆ ಪುಡಿ ಕೊಟ್ಟರು. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಆದರೆ ಕಳೆಯುವಾಗಲೇ ಅವರಿಗೆ ಇದು ತಮ್ಮದಲ್ಲ ಅನ್ನಿಸಿತ್ತಂತೆ. ಗಣಿತದ ರೋಗಿ ಹಕ್ಕಿ ದಣಿದಿದೆ ಎನ್ನುವುದಿಲ್ಲ, ಲೆಕ್ಕಕ್ಕೆ ದಣಿವು ಎಂಬುದಿಲ್ಲ. "ವಾಪಸ್ ಕಳಿಸಬೇಕಿತ್ತು ತಾಯಿ. ಆ ವಾರ ನನ್ನ ಕೊಠಡಿಗೆ ಬಂದವರು ಅವರೊಬ್ಬರೇ. ಕಳಿಸೋಕೆ ಮನಸ್ಸು ಬರಲಿಲ್ಲ" ಎಂದರು. ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ, ವಾರಿಜಳನ್ನೇ ನೋಡುತ್ತಿದ್ದರು.

ವಾರಿಜ ಅವರ ಮೇಜಿನ ಮೇಲಿದ್ದ ಪೆನ್ನು ತೆಗೆದುಕೊಂಡಳು. ಅರ್ಜಿಯಲ್ಲಿ ಗಣಿತ ಎಂಬುದನ್ನು ಹೊಡೆದುಹಾಕಿ ಪ್ರಾಣಿಶಾಸ್ತ್ರ ಎಂದು ಬರೆದಳು. ಕಾರಣ ಎಂಬಲ್ಲಿ ಇದ್ದದ್ದನ್ನು ಹಾಗೇ ಬಿಟ್ಟಳು. ಅರ್ಜಿಯನ್ನು ನನ್ನ ಕಡೆ ತಿರುಗಿಸಿ ಇಟ್ಟಳು. ನಾನು ಸಹಿ ಹಾಕಿದೆ. ಮೂರು ಮುಕ್ಕಾಲು ಆಗಿತ್ತು. ಸಮಯಕ್ಕೆ ಸರಿಯಾಗಿ ತಲುಪಿದಳು ಎಂದು ಆಮೇಲೆ ಗೊತ್ತಾಯಿತು. ನಾನು ಹೋಗಿ ಕಿಟಕಿ ತೆರೆದೆ. ಹನ್ನೆರಡು ಜನ ಇದ್ದದ್ದು ಇಪ್ಪತ್ತಾಗಿತ್ತು. ಎಲ್ಲರೂ ಬಯ್ದರು, ಆದರೆ ತಂತಮ್ಮ ವಿಷಯದಲ್ಲಿ ಬಯ್ದದ್ದರಿಂದ ಅರ್ಧಕ್ಕರ್ಧ ಅರ್ಥವಾಗಲಿಲ್ಲ.

ಭಾನುವಾರ ಅವಳು ಸಾಮಾನು ಕಟ್ಟಿಕೊಂಡು ಹಾಸ್ಟೆಲಿಗೆ ಹೋದಳು. ಕಾಲೇಜು ಮನೆಯಿಂದ ಅರ್ಧ ಮೈಲಿ, ಹಾಸ್ಟೆಲ್ ಬೇಕಾಗಿರಲಿಲ್ಲ. ಬೇಡ ಎನ್ನಲು ನನಗೆ ಬಾಯಿರಲಿಲ್ಲ. ಹೋಗುವಾಗ ನಮಸ್ಕಾರ ಮಾಡಿದಳು. ಅವಳ ಅಮ್ಮನ ಸೀರೆಗಳಿದ್ದ ಟ್ರಂಕು ತೆಗೆದುಕೊಂಡಳು. ಗಣಿತದ ಪುಸ್ತಕಗಳನ್ನು ಹಳೇ ಪೇಪರಿನವನಿಗೆ ಹಾಕು ಎಂದಳು. ಹಾಕಿದೆ.

ಇದಾಗಿ ಹತ್ತು ವರ್ಷ. ಡಿಗ್ರಿಯಲ್ಲಿ ಕಾಲೇಜಿಗೇ ಮೊದಲನೆಯವಳಾದಳು ಎಂದು ಪೇಪರಿನಲ್ಲಿ ನೋಡಿದೆ. ಮೆಡಿಕಲ್ ಸೀಟು ಸಿಕ್ಕಿದ್ದನ್ನು ಸಿದ್ದೇಗೌಡ ಬಂದು ಹೇಳಿದ, ಹೇಳಿ ನನ್ನಿಂದಲೇ ಕಾಫಿ ಕುಡಿಸಿಕೊಂಡ. ಹೋದ ವರ್ಷದಿಂದ ಅವಳು ನಮ್ಮ ಆಸ್ಪತ್ರೆಯಲ್ಲೇ ನಾಲ್ಕನೇ ಕೊಠಡಿಯ ಡಾಕ್ಟರು. ದಿನಾ ಬೆಳಿಗ್ಗೆ ಒಂಬತ್ತಕ್ಕೆ ನನ್ನ ಕಿಟಕಿಯ ಮುಂದಿನಿಂದಲೇ ಹಾದುಹೋಗುತ್ತಾಳೆ. ಎಲ್ಲರಿಗೂ ಮಾಡುವ ಹಾಗೆ ನನಗೂ ತಲೆಯಾಡಿಸುತ್ತಾಳೆ. ನಿವೃತ್ತರಾದ ವೆಂಕಟಾಚಲ ಅವರ ಮನೆಗೆ ಹಬ್ಬಕ್ಕೆ ಹೋಗಿಬರುತ್ತಾಳಂತೆ, ಅವರಿಗೆ ಕಣ್ಣಿನ ಆಪರೇಷನ್ ಆದಾಗ ಎರಡು ದಿನ ಜೊತೆಗಿದ್ದಳಂತೆ. ನನ್ನ ಮನೆಗೆ ಬಂದಿಲ್ಲ. ಅವರದ್ದೂ ತಪ್ಪಿತ್ತಲ್ಲ ಎಂದು ನನಗೆ ಒಮ್ಮೊಮ್ಮೆ ಸಿಟ್ಟು ಬರುತ್ತದೆ. ಆದರೆ ಅವರ ಬಗ್ಗೆ ಹನ್ನೊಂದು ವರ್ಷ ಅವಳಿಗೆ ಸುಳ್ಳು ಹೇಳಿದವಳು ನಾನು. ಅವರು ಒಂದು ದಿನ ತಪ್ಪು ಮಾಡಿದರು, ನಾನು ದಿನಾ ಮಾಡಿದೆ. ಹೀಗೆ ಯೋಚಿಸಿದರೆ ಸಿಟ್ಟು ಇಳಿಯುತ್ತದೆ, ಸಂಕಟ ಇಳಿಯುವುದಿಲ್ಲ.

ಅವಳು ಬಂದ ಮೂರನೆಯ ತಿಂಗಳಲ್ಲಿ ನನ್ನಿಂದ ಒಂದು ತಪ್ಪಾಯಿತು. ಬೇಕೆಂದು ಮಾಡಿದ್ದಲ್ಲ, ವಯಸ್ಸು ಐವತ್ತೆಂಟು, ಕಿವಿ ಮೊದಲಿನ ಹಾಗಿಲ್ಲ. ಒಬ್ಬ ಹೆಂಗಸನ್ನು ನಾಲ್ಕನೇ ಕೊಠಡಿಗೆ ಕಳಿಸಿದೆ. ಹತ್ತು ನಿಮಿಷಕ್ಕೆ ಆಕೆ ಅದೇ ಚೀಟಿ ಹಿಡಿದುಕೊಂಡು ವಾಪಸ್ ಬಂದಳು. ಚೀಟಿಯ ಹಿಂದೆ ನೀಲಿ ಶಾಯಿಯಲ್ಲಿ, ಇದು ನನ್ನದಲ್ಲ, ಸಸ್ಯಶಾಸ್ತ್ರ, ದಯವಿಟ್ಟು ಇನ್ನೊಮ್ಮೆ ಕೇಳಿ ಎಂದಿತ್ತು. ಕೆಳಗೆ ಸಹಿ. ಆಕೆಗೆ ಬೇರೆ ಚೀಟಿ ಬರೆದುಕೊಟ್ಟು, ಆ ಚೀಟಿಯನ್ನು ನಾನು ಇಟ್ಟುಕೊಂಡೆ. ಹತ್ತು ವರ್ಷದಲ್ಲಿ ಅವಳು ನನಗೆ ಬರೆದ ಮೊದಲ ಮಾತು ಅದು. ಅಕ್ಷರ ಹಾಗೇ ಇದೆ, ಬಲಕ್ಕೆ ವಾಲಿದ್ದು. ಎಷ್ಟು ಹೇಳಿದರೂ ನೆಟ್ಟಗೆ ಬರೆಯುತ್ತಿರಲಿಲ್ಲ. ಆಮೇಲೆ ಇನ್ನೂ ಮೂರು ಬಂದವು, ಒಂದು ಚಳಿಗಾಲದಲ್ಲಿ, ಎರಡು ಈ ಬೇಸಿಗೆಯಲ್ಲಿ. ಕೊನೆಯದರಲ್ಲಿ ವಿಷಯದ ಹೆಸರಿನ ಕೆಳಗೆ, ಒಮ್ಮೆ ಕಿವಿ ತೋರಿಸಿಕೊಳ್ಳಿ ಎಂದು ಒಂದು ಸಾಲು ಹೆಚ್ಚಿಗೆ ಇತ್ತು. ಅದು ಬೈಗುಳವೋ ಬೇರೇನೋ ಎಂದು ಆವತ್ತು ಸಂಜೆಯ ತನಕ ಓದಿದೆ. ಮರುದಿನವೇ ಹೋಗಿ ಕಿವಿ ತೋರಿಸಿಕೊಂಡೆ. ಮೇಣ ಕಟ್ಟಿತ್ತು, ತೆಗೆದರು. ಈಗ ಎಲ್ಲ ಸ್ಪಷ್ಟವಾಗಿ ಕೇಳುತ್ತದೆ. ಎರಡು ತಿಂಗಳಿಂದ ಒಂದು ಚೀಟಿಯೂ ತಪ್ಪಾಗಿಲ್ಲ.

ಮೊನ್ನೆ ಮಂಗಳವಾರ ಒಬ್ಬ ಬಂದ, ಸೋಡಾ ಅಂಗಡಿಯವನು, ಮೂವತ್ತು ವರ್ಷವಿರಬಹುದು. ಮುಖದಲ್ಲಿ ಅಂಥ ಆಯಾಸವಿರಲಿಲ್ಲ, ಜ್ವರ ಸ್ವಲ್ಪ ಇತ್ತು. ನದಿ ಸಮುದ್ರ ಸೇರುವ ಕಡೆ ಹೂಳು ತುಂಬಿದೆ, ನೀರು ಎರಡು ಕವಲಾಗಿದೆ, ಮೀನು ಮೇಲಕ್ಕೆ ಹತ್ತುತ್ತಿಲ್ಲ ಎಂದ. ಭೂಗೋಳ. ಚಿಕ್ಕ ಮಗುವಿಗೂ ಗೊತ್ತಾಗುವಂಥದ್ದು. ಆದರೆ ಮೀನು ಎಂದಿದ್ದಾನೆ. ನಾಲ್ಕನೇ ಕೊಠಡಿಗೆ ಕಳಿಸಿದರೆ ತಪ್ಪು ಎಂದು ಯಾರೂ ಬೆರಳು ತೋರಿಸುವುದಿಲ್ಲ. ಅವನಿಗೆ ಹೆಚ್ಚೆಂದರೆ ಅರ್ಧ ಗಂಟೆ ತಡ. ಅವಳು ಎರಡು ಮಾತು ಕೇಳಿ ಗುರುತಿಸುತ್ತಾಳೆ, ವೆಂಕಟಾಚಲ ಅವರ ಹಾಗೆ ಇಟ್ಟುಕೊಳ್ಳುವವಳಲ್ಲ. ಚೀಟಿ ತಿರುಗಿಸಿ ಬರೆಯುತ್ತಾಳೆ. ಈ ಸಲ ಒಂದು ಸಾಲಿಗಿಂತ ಹೆಚ್ಚು ಬರೆದರೂ ಬರೆದಾಳು, ಕಿವಿ ತೋರಿಸಿಕೊಂಡಿರಾ ಎಂದಾದರೂ ಕೇಳಿಯಾಳು. ಪೆನ್ನು ಕಾಗದದ ಮೇಲೆ ನಿಂತೇ ಇತ್ತು. ಶಾಯಿ ಚುಕ್ಕೆಯಾಗಿ ಹರಡಿತು. ಅವನು ಮತ್ತೆ, ಮೀನು ಹತ್ತುತ್ತಿಲ್ಲ ಎಂದ.

ಭೂಗೋಳ, ಕೊಠಡಿ ಆರು ಎಂದು ಬರೆದು ಕೊಟ್ಟೆ. ಅವನು ಚೀಟಿ ತೆಗೆದುಕೊಂಡು ಹೋದ. ಗುರುವಾರದಿಂದ ಅಂಗಡಿ ತೆರೆದಿದ್ದಾನೆ ಎಂದು ಸಿದ್ದೇಗೌಡ ಹೇಳಿದ. ಮಂಗಳವಾರ ನನಗೆ ನಾಲ್ಕನೇ ಕೊಠಡಿಯಿಂದ ಚೀಟಿಯೇನೂ ಬರಲಿಲ್ಲ.